ಹಾಸಿಗೆಯ ಪಕ್ಕ ಸುಮ್ಮನೆ ನಿಂತು ಕಲಿಸಿದ್ದು

“ಎಷ್ಟು ತಲೆದಿಂಬು ಇಟ್ಕೊಂಡು ಮಲಗ್ತೀರಿ?” ಎಂದು ನಮ್ಮ ಮೊದಲ ವರ್ಷದ ಪಿಜಿ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ, ರೋಗಿಯನ್ನು ಕೇಳಿದಳು. ಚಿಂಚೋಳಿ ಕಡೆಯಿಂದ ಬಂದ ಆ ಹೆಣ್ಣುಮಗಳು ಉತ್ತರ ತೋಚದೆ ಅತ್ತೆಯ ಮುಖ ನೋಡಿದಳು. ಆಕೆ ಮಡಚಿದ ಕೌದಿಯ ಮೇಲೆ ತಲೆಯಿಟ್ಟು ಮಲಗುವವಳು, ಮನೆಯಲ್ಲಿ ದಿಂಬೆಂಬುದೇ ಇಲ್ಲ. ಪಿಜಿ ಕೇಸ್ ಶೀಟಿನಲ್ಲಿ ‘ಆರ್ಥಾಪ್ನಿಯಾ ಇಲ್ಲ’, ಅಂದರೆ ಮಲಗಿದರೆ ಉಸಿರು ಕಟ್ಟುವ ತೊಂದರೆ ಇಲ್ಲ, ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದಳು.

ನಾನು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದೆ. ಹದಿನೈದು ನಿಮಿಷ ಬಾಯಿ ತೆರೆಯಬಾರದು ಎಂದು ಆ ದಿನ ನಿಶ್ಚಯ ಮಾಡಿಕೊಂಡು ಬಂದಿದ್ದೆ.

ಕಲಬುರಗಿಯಲ್ಲಿ ಜನರಲ್ ಮೆಡಿಸಿನ್ ಪಿಜಿಗಳಿಗೆ ನಾನು ಪಾಠ ಮಾಡುತ್ತ ಬಂದ ರೀತಿ ಬೇರೆಯೇ ಇತ್ತು. ಬೆಳಗಿನ ರೌಂಡ್ಸಿನಲ್ಲಿ ಅವರು ಕೇಸ್ ಒಪ್ಪಿಸುತ್ತಿದ್ದರು, ನಾನು ತಪ್ಪು ತಿದ್ದಿ ಅಲ್ಲೇ ಒಂದು ಸಣ್ಣ ಭಾಷಣ ಮಾಡುತ್ತಿದ್ದೆ. ಒಪ್ಪಿಸುವುದು ಚೊಕ್ಕವಾಗಿಯೇ ಇರುತ್ತಿತ್ತು. ಆ ಮಾಹಿತಿಯನ್ನು ರೋಗಿಯ ಬಾಯಿಂದ ಹೇಗೆ ಪಡೆದರು ಎಂಬುದನ್ನು ಮಾತ್ರ ವರ್ಷಗಟ್ಟಲೆ ನಾನು ನೋಡಿರಲೇ ಇಲ್ಲ. ಪಿಜಿ ರೋಗಿಯನ್ನು ನೋಡುವುದನ್ನೇ ಗುರು ನಿಂತು ನೋಡಿ, ಆಮೇಲೆ ಐದು ಹತ್ತು ನಿಮಿಷ ಅದರ ಬಗ್ಗೆ ಮಾತಾಡುವ ಪದ್ಧತಿಗೆ ‘ಮಿನಿ-ಸಿಇಎಕ್ಸ್’ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಷನ್ ಎಕ್ಸರ್ಸೈಜ್) ಎನ್ನುತ್ತಾರೆ. ಅಮೆರಿಕದಲ್ಲಿ ನಾರ್ಸಿನಿ ಮತ್ತು ಸಂಗಡಿಗರು 1995ರಲ್ಲಿ ಇದರ ಬಗ್ಗೆ ಬರೆದರು. ಅದಕ್ಕೊಂದು ಅಂಕದ ಫಾರಂ ಇದೆ. ನಾನು ಅಂಕ ಬಿಟ್ಟೆ, ನೋಡುವುದನ್ನಷ್ಟೇ ಇಟ್ಟುಕೊಂಡೆ. ಅಂಕ ಕಂಡ ಕೂಡಲೇ ಮಕ್ಕಳು ರೋಗಿಯನ್ನು ಬಿಟ್ಟು ನನ್ನ ಮುಖ ನೋಡತೊಡಗುತ್ತಾರೆ.

ಆ ದಿನ ಪಿಜಿಯನ್ನು ಪಕ್ಕಕ್ಕೆ ಕರೆದು, “ಆಕೆ ದಿಂಬಿನ ಬಗ್ಗೆ ಏನಂದಳು?” ಎಂದೆ. “ಏನೂ ಅನ್ನಲಿಲ್ಲ ಸರ್.” “ಹಾಗಾದರೆ ‘ಇಲ್ಲ’ ಅಂತ ಬರೆದದ್ದು ಯಾರ ಉತ್ತರ?” ಅವಳು ತಾನೇ ತಿರುಗಿ ಹೋಗಿ, ಮಲಗಿದರೆ ಏನಾಗುತ್ತದೆ ಎಂದು ಕೇಳಿದಳು. ಆಗ ಬಂತು ಮಾತು: “ಮಕ್ಕೊಂಡ್ರ ಉಸುರು ಕಟ್ಟಿದಂಗಾಗ್ತದ್ರೀ. ಎದ್ದು ಬಾಗಲ ಬಲ್ಲಿ ಕೂಡ್ತೀನಿ. ನಳದಿಂದ ಕೊಡ ತರೋದ್ರಾಗ ಎರಡು ಸಲ ಕೂಡಬೇಕಾಗ್ತದ.” ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ ಎಂದು ಪುಸ್ತಕ ಕೇಳುತ್ತದೆ. ಅವಳ ಊರಿನ ಮನೆಗೆ ಮೆಟ್ಟಿಲೆಲ್ಲಿಂದ ಬರಬೇಕು? ಅಲ್ಲಿ ಅಳತೆಗೋಲು ನೀರಿನ ಕೊಡ.

ಒಂದು ವರ್ಷದಿಂದ ಆಕೆ ಅಸ್ತಮಾದ ಔಷಧಿ ಎಳೆಯುತ್ತಿದ್ದಳು. ಇಲ್ಲಿ ನನಗೆ ಕಷ್ಟವಾದದ್ದು ನಾಲಿಗೆ ಹಿಡಿಯುವುದು. ನೇಹರ್ ಮತ್ತು ಸಂಗಡಿಗರು 1992ರಲ್ಲಿ ಬರೆದ ಐದು ಹೆಜ್ಜೆಯ ಕ್ರಮವೊಂದಿದೆ, ‘ಒನ್ ಮಿನಿಟ್ ಪ್ರಿಸೆಪ್ಟರ್’ ಎಂದು ಹೆಸರಾಗಿದೆ. ಅದರ ಮೊದಲ ಹೆಜ್ಜೆ, ಕಲಿಯುವವರಿಂದಲೇ ಒಂದು ತೀರ್ಮಾನ ಹೇಳಿಸುವುದು. ಎರಡನೆಯದು, ಅದಕ್ಕೆ ಆಧಾರವೇನು ಎಂದು ಕೇಳುವುದು. ಪಾಠ, ಶಾಭಾಷ್, ತಿದ್ದುಪಡಿ ಎಲ್ಲ ಆಮೇಲೆ. “ನಿನಗೇನನಿಸ್ತದ?” ಎಂದು ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಏಳಕ್ಕೆ ಬರುವ ಹೊತ್ತಿಗೆ ಅವಳು, “ಹೃದಯದ್ದಿರಬಹುದು ಸರ್, ಮೈಟ್ರಲ್ ಸ್ಟೆನೋಸಿಸ್” ಎಂದಳು. ಹೃದಯದ ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗುವ ರೋಗ ಅದು. “ಹಾಗಾದರೆ ಎಲ್ಲಿ, ಹೇಗೆ ಕೇಳ್ತೀ?” ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ, ಸ್ಟೆತಸ್ಕೋಪಿನ ಬೆಲ್ ಕಡೆಯನ್ನು ಹೃದಯದ ತುದಿಯ ಮೇಲೆ ಹಗುರಾಗಿ ಇಟ್ಟಳು. ಆ ರೋಗದ ಸದ್ದು ಕೇಳಿ ಪಿಜಿಯ ಮುಖ ಬದಲಾದದ್ದು ನನಗೆ ಈಗಲೂ ನೆನಪಿದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಮೇಲೆ ಆಯಿತು. ಕವಾಟವನ್ನು ಬಲೂನಿನಿಂದ ಬಿಡಿಸಿದರು.

ಅಂದಿನಿಂದ ವಾರ್ಡಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇವೆ, ರೋಗಿಗಳ ಮಾತು ಬರೆಯಲಿಕ್ಕೆ. ನೀಟ್ ಮೂಲಕ ಕೇರಳದವರು, ರಾಜಸ್ಥಾನದವರು ಬರುತ್ತಾರೆ, ಅವರಿಗೆ ಬೇಕೆಂದು ಶುರು ಮಾಡಿದ್ದು. ಆದರೆ ಹೆಚ್ಚು ಎಡವುವವರು ಕನ್ನಡ ಬರುತ್ತದೆಂದು ನಂಬಿದವರೇ. ಮಂಡ್ಯದ ಹುಡುಗನೊಬ್ಬ “ಎಣ್ಣಿ ಕುಡದಾರ್ರೀ” ಎಂಬ ಮಾತು ಕೇಳಿ ಮದ್ಯವೆಂದು ಬರೆದುಕೊಂಡಿದ್ದ. ನಮ್ಮಲ್ಲಿ ಹತ್ತಿಗೆ, ತೊಗರಿಗೆ ಹೊಡೆಯುವ ಕೀಟನಾಶಕವೇ ಎಣ್ಣಿ. ಸಿಸ್ಟರ್ ತಿದ್ದಿದರು, ರೋಗಿಯ ಕಣ್ಣಪಾಪೆ ಸೂಜಿಮೊನೆಯಾಗಿದ್ದದ್ದು ಅದನ್ನೇ ಹೇಳಿತು. ‘ಚಕ್ಕರ್’ ಎಂಬ ಒಂದು ಶಬ್ದಕ್ಕೆ ಆ ಪುಸ್ತಕದಲ್ಲಿ ನಾಲ್ಕು ಸಾಲುಗಳಿವೆ: ತಲೆ ಗಿರ್ರನೆ ಸುತ್ತುವುದು, ಕಣ್ಣು ಕತ್ತಲಿಡುವುದು, ನಡೆಯುವಾಗ ಜೋಲಿ ಹೊಡೆಯುವುದು, ಸಕ್ಕರೆ ಇಳಿದ ನಿಶ್ಶಕ್ತಿ. ಯಾವುದು ಎಂದು ರೋಗಿಯಿಂದಲೇ ಬಿಡಿಸಿಕೊಳ್ಳಬೇಕು. ಉರ್ದು, ತೆಲುಗು, ಮರಾಠಿ ಮಾತುಗಳಿಗೂ ಹಾಳೆ ಮೀಸಲಿದೆ.

ಎಣ್ಣಿ ಕುಡಿದವರಿಂದಲೇ ನಾನು ಇನ್ನೊಂದು ಪಾಠ ಕಲಿತೆ, ಅದು ಕಹಿಯಾದದ್ದು. ಒಬ್ಬ ಯುವಕ ಆ ವಿಷಕ್ಕೆ ಕೊಡುವ ಅಟ್ರೊಪಿನ್ ಔಷಧಿಗೆ ಚೆನ್ನಾಗಿ ಸ್ಪಂದಿಸಿ ಎರಡನೇ ದಿನ ಮಾತಾಡುತ್ತಿದ್ದ. ರಾತ್ರಿ ಡ್ಯೂಟಿಗೆ ಒಪ್ಪಿಸುವಾಗ “ಸ್ಟೇಬಲ್” ಎಂಬ ಒಂದೇ ಶಬ್ದ ದಾಟಿತು. ಬೆಳಗಿನ ಜಾವ ಅವನ ತಾಯಿ, “ಕುತ್ತಿಗಿ ಎತ್ತಲಿಕ್ಕೆ ಬರವಲ್ದು” ಎಂದು ಓಡಿ ಬಂದಳು. ವಿಷ ಸೇವಿಸಿದ 24ರಿಂದ 96 ಗಂಟೆಗಳೊಳಗೆ ಕುತ್ತಿಗೆ, ಉಸಿರಾಟದ ಸ್ನಾಯು ಸೋಲುವ ಇಂಟರ್ಮೀಡಿಯೇಟ್ ಸಿಂಡ್ರೋಮ್ ಅದು. ವೆಂಟಿಲೇಟರ್‌ಗೆ ಹಾಕಿದೆವು, ಉಳಿದ. ಆ ಒಂದು ಶಬ್ದಕ್ಕೆ ಹೊಣೆ ಪಿಜಿಯದಲ್ಲ, ನನ್ನದು. ಹೇಗೆ ಒಪ್ಪಿಸಬೇಕೆಂದು ನಾನು ಯಾರಿಗೂ ಕಲಿಸಿರಲಿಲ್ಲ. ಐ-ಪಾಸ್ ಎಂಬ ಕ್ರಮಬದ್ಧ ಹಸ್ತಾಂತರವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಕಲಿಸಿದಾಗ ವೈದ್ಯಕೀಯ ತಪ್ಪುಗಳು 23 ಶೇಕಡಾ ಇಳಿದದ್ದು 2014ರಲ್ಲೇ ಪ್ರಕಟವಾಗಿತ್ತು. ಈಗ ನಮ್ಮಲ್ಲಿ ಒಪ್ಪಿಸುವವರು ರೋಗ ಎಷ್ಟು ತೀವ್ರ, ರಾತ್ರಿ ಏನಾಗಬಹುದು, ಆದರೆ ಏನು ಮಾಡಬೇಕು ಎಂದು ಹೇಳುತ್ತಾರೆ. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು.

ಜರ್ನಲ್ ಕ್ಲಬ್, ಥೀಸಿಸ್, ಲಾಗ್ ಬುಕ್ ಎಲ್ಲ ಕಡೆ ಇರುವಂತೆ ನಮ್ಮಲ್ಲೂ ನಡೆಯುತ್ತವೆ. ಜಿಲ್ಲಾ ರೆಸಿಡೆನ್ಸಿಯ, ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಮೂರು ತಿಂಗಳು ಮುಗಿಸಿ ಬಂದವರ ಕೈ ಪಳಗಿರುತ್ತದೆ, ಅದು ನನಗೆ ನಿಚ್ಚಳವಾಗಿ ಕಾಣುತ್ತದೆ.

ಬಗೆಹರಿಯದೆ ಉಳಿದದ್ದು ಅಡ್ಮಿಷನ್ ದಿನ, ಅಂದರೆ ಹೊಸ ರೋಗಿಗಳನ್ನು ನಮ್ಮ ವಾರ್ಡಿಗೆ ಸೇರಿಸಿಕೊಳ್ಳುವ ದಿನ. ಜಾಗ ಸಾಲದೆ ನೆಲಕ್ಕೂ ಹಾಸಿಗೆ ಹಾಸಿರುವಾಗ ಹದಿನೈದು ನಿಮಿಷ ಒಬ್ಬರ ಪಕ್ಕ ನಿಲ್ಲಲು ಆಗುವುದಿಲ್ಲ. ಆ ದಿನ ಒಬ್ಬನೇ ಪಿಜಿ, ಒಬ್ಬನೇ ರೋಗಿ ಎಂದು ಆರಿಸಿಕೊಳ್ಳುತ್ತೇನೆ. ರಾತ್ರಿ ಹತ್ತಕ್ಕೆ ಡ್ಯೂಟಿ ರೂಮಿಗೆ ಫೋನ್ ಮಾಡಿ, “ಎರಡು ಗಂಟೆಗೆ ಕುತ್ತಿಗೆ ಎತ್ತಿಸಿ ನೋಡೋರು ಯಾರು?” ಎಂದು ಕೇಳುತ್ತೇನೆ. ಹೆಸರು ಹೇಳುವವರೆಗೆ ಫೋನ್ ಇಡುವುದಿಲ್ಲ.