ಪಾಪಾಸುಕಳ್ಳಿಗೆ ಕಸಿ ಕಟ್ಟುವುದು: ಉಂಗುರ ಕೂಡಿದರೆ ಗಿಡ ಕೂಡೀತು

ಹಸಿರು ಕಾಂಡದ ತಲೆಯ ಮೇಲೆ ಕೆಂಪು ಅಥವಾ ಹಳದಿ ಗುಂಡು ಹೊತ್ತ ‘ಮೂನ್ ಕ್ಯಾಕ್ಟಸ್’ ಒಂದು ಗಿಡವಲ್ಲ, ಎರಡು. ಮೇಲಿನದು ಜಿಮ್ನೋಕ್ಯಾಲಿಸಿಯಂ ಎಂಬ ಕಳ್ಳಿಯ ಹಸಿರಿಲ್ಲದ ರೂಪ. ಪತ್ರಹರಿತ್ತು ಇಲ್ಲದ್ದರಿಂದ ಅದು ತನ್ನ ಆಹಾರ ತಾನೇ ತಯಾರಿಸಿಕೊಳ್ಳಲಾರದು. ಬೀಜದಿಂದ ಹುಟ್ಟಿದರೂ ಕೆಲವೇ ವಾರಗಳಲ್ಲಿ ಸಾಯುತ್ತದೆ. 1941ರಲ್ಲಿ ಜಪಾನಿನಲ್ಲಿ ಇಂಥ ಕೆಂಪು ಮೊಳಕೆಗಳನ್ನು ಕಸಿಯಿಂದ ಉಳಿಸಿಕೊಂಡ ಮೇಲೆಯೇ ಈ ಬಣ್ಣದ ಗುಂಡುಗಳು ಮಾರುಕಟ್ಟೆಗೆ ಬಂದದ್ದು. ಕೆಳಗಿನ ಮೂರು ಮೂಲೆಯ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳ್ಳಿಯದು.

ಕಸಿ ಬೇಕಾಗುವುದು ಬಣ್ಣದ ಗುಂಡಿಗೆ ಮಾತ್ರವಲ್ಲ. ಬುಡ ಕೊಳೆತ ಗಿಡದ ಚೆನ್ನಾಗಿರುವ ತುದಿಯನ್ನು ಉಳಿಸಿಕೊಳ್ಳಲು, ವರ್ಷಗಟ್ಟಲೆ ಬಟಾಣಿ ಗಾತ್ರದಲ್ಲೇ ಕೂರುವ ಸಸಿಗಳನ್ನು ಬೇಗ ಬೆಳೆಸಲು ಕೂಡ ಇದೇ ದಾರಿ.

ಒಂದು ನಿಯಮ ಮೀರುವಂತಿಲ್ಲ: ಕ್ಯಾಕ್ಟಸ್ ಕುಟುಂಬದ ಕುಡಿಗೆ (ಮೇಲೆ ಕೂರಿಸುವ ತುಂಡು) ಅದೇ ಕುಟುಂಬದ ಬೇರುಸಸಿ (ಕೆಳಗೆ ಬೇರು ಬಿಟ್ಟಿರುವ ಗಿಡ). ಮುಳ್ಳುಗಳು ಸಣ್ಣ ತುಪ್ಪುಳಿನ ದಿಂಬಿನಿಂದ ಹೊರಟಿದ್ದರೆ ಅದು ನಿಜವಾದ ಕ್ಯಾಕ್ಟಸ್. ಕೊಯ್ದಾಗ ಬಿಳಿ ಹಾಲು ಧಾರಾಳವಾಗಿ ಸುರಿದರೆ ಯೂಫೋರ್ಬಿಯಾ ಎಂಬ ಬೇರೆ ಕುಟುಂಬದ ಕಳ್ಳಿ ಇರಬಹುದು. ಯೂಫೋರ್ಬಿಯಾ ಮೇಲೆ ಕ್ಯಾಕ್ಟಸ್ ಕೂಡುವುದಿಲ್ಲ, ಅದರ ಹಾಲು ಕಣ್ಣಿಗೂ ಅಪಾಯ.

ಬೇರುಸಸಿಯಾಗಿ ಡ್ರ್ಯಾಗನ್ ಫ್ರೂಟ್ ಬೇಗ ಬೆಸೆಯುತ್ತದೆ, ಆದರೆ 10 ಡಿಗ್ರಿಗಿಂತ ಕೆಳಗಿನ ಚಳಿ ತಾಳದು, ಕೆಲವು ವರ್ಷಗಳಲ್ಲೇ ಸೋಲುತ್ತದೆ. ಹೆಚ್ಚು ಕಾಲ ಬಾಳಬೇಕಾದರೆ ಮಿರ್ಟಿಲೋಕ್ಯಾಕ್ಟಸ್ ಅಥವಾ ಟ್ರೈಕೋಸೀರಿಯಸ್ ಎಂಬ ಕಂಬದಂಥ ಕಳ್ಳಿ ವಾಸಿ. ಚಳಿಗೆ ಎರಡನೆಯದೇ ಗಟ್ಟಿ. ಯಾವುದಾದರೂ ಸರಿ, ಬೇರು ಬಿಟ್ಟು ತುದಿಯಲ್ಲಿ ಹೊಸ ಚಿಗುರು ಕಾಣುತ್ತಿರಬೇಕು. ನಿದ್ದೆಯಲ್ಲಿರುವ ಗಿಡದ ಮೇಲೆ ಎಷ್ಟು ನಾಜೂಕಾಗಿ ಕೊಯ್ದರೂ ಬೆಸುಗೆ ಕೂಡುವುದಿಲ್ಲ. ಎರಡು ಮೂರು ದಿನ ಮೊದಲೇ ನೀರು ಕೊಟ್ಟು, ಒಣಹವೆಯ ಬೆಚ್ಚಗಿನ ದಿನ ಆರಿಸಿಕೊಳ್ಳಿ.

ತೆಳು ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬೇರುಸಸಿಯನ್ನು ಮಣ್ಣಿನಿಂದ ಸುಮಾರು 10 ಸೆಂ.ಮೀ. ಮೇಲೆ ಒಂದೇ ಎಳೆತದಲ್ಲಿ ಅಡ್ಡ ಕೊಯ್ಯಿರಿ. ಗರಗಸದ ಹಾಗೆ ಆಡಿಸಿದರೆ ಮೈ ಸಮತಟ್ಟಾಗದು. ಕೊಯ್ದ ಮುಖದ ಸುತ್ತ ಏಣುಗಳ ಅಂಚನ್ನು 3–5 ಮಿ.ಮೀ. ಓರೆಯಾಗಿ ಸವರಿ. ಅನೇಕರು ಬಿಟ್ಟುಬಿಡುವ ಹೆಜ್ಜೆ ಇದೇ. ಒಳಗಿನ ನೀರುತಿರುಳು ಒಣಗಿ ಕುಗ್ಗುತ್ತದೆ, ಗಡುಸು ಸಿಪ್ಪೆ ಕುಗ್ಗುವುದಿಲ್ಲ. ಮುಖ ತಟ್ಟೆಯಂತೆ ಗುಳಿಬಿದ್ದು ಅಂಚು ಕುಡಿಯನ್ನು ಮೇಲಕ್ಕೆತ್ತುತ್ತದೆ. ಸವರಿದ ಮೇಲೆ ಇನ್ನೊಂದು ತೆಳು ಬಿಲ್ಲೆ ಕೊಯ್ದು, ಅದನ್ನು ಅಲ್ಲೇ ಮುಚ್ಚಳದಂತೆ ಬಿಡಿ, ಮುಖ ಒಣಗದಿರಲಿ. ಕುಡಿಯ ತಳವನ್ನೂ ಹೀಗೆಯೇ ಕೊಯ್ಯಿರಿ.

ಈಗ ಕೊಯ್ದ ಮುಖ ನೋಡಿ. ನಡುವಿನ ದಿಂಡಿನ ಸುತ್ತ ಬಣ್ಣದಲ್ಲಿ ಸ್ವಲ್ಪ ಬೇರೆಯಾದ ಒಂದು ಉಂಗುರ ಕಾಣುತ್ತದೆ. ನೀರು ಏರುವ, ಆಹಾರ ಇಳಿಯುವ ಕೊಳವೆಗಳೂ ಹೊಸ ಕೋಶ ಹುಟ್ಟಿಸುವ ಕ್ಯಾಂಬಿಯಂ ಪದರವೂ ಇರುವುದು ಅಲ್ಲೇ. ಎರಡೂ ಉಂಗುರಗಳು ಒಂದೇ ಅಳತೆಯಾದರೆ ನಡುವಿಗೆ ನಡು ಕೂಡಿಸಿ. ಒಂದು ಚಿಕ್ಕದಾಗಿದ್ದರೆ ಹಾಗೆ ಕೂರಿಸುವುದೇ ತಪ್ಪು: ಚಿಕ್ಕ ಉಂಗುರ ದೊಡ್ಡದರ ಒಳಗೆ ಎಲ್ಲೂ ತಾಗದೆ ಉಳಿದುಬಿಡುತ್ತದೆ. ಕುಡಿಯನ್ನು ಒಂದು ಬದಿಗೆ ಸರಿಸಿ, ಉಂಗುರಗಳು ಎರಡು ಕಡೆ ಒಂದನ್ನೊಂದು ಹಾಯುವಂತೆ ಇಡಿ. ನೋಡಲು ಸೊಟ್ಟ, ಆದರೆ ಹಿಡಿಯುವುದು ಅದೇ.

ಮುಚ್ಚಳದ ಬಿಲ್ಲೆ ತೆಗೆದು ತಕ್ಷಣ ಕುಡಿ ಇಟ್ಟು, ತುಸು ಒತ್ತಿ ತಿರುಗಿಸಿ. ನಡುವಿನ ಗಾಳಿಗುಳ್ಳೆ ಹೊರಬೀಳಬೇಕು. ಎರಡು ರಬ್ಬರ್ ಬ್ಯಾಂಡುಗಳನ್ನು ಕುಂಡದ ತಳದಿಂದ ಕುಡಿಯ ತಲೆಯ ಮೇಲೆ ಕತ್ತರಿಯಾಕಾರದಲ್ಲಿ ಹಾಯಿಸಿ. ಮುಳ್ಳಿದ್ದರೆ ನಡುವೆ ಹತ್ತಿಯ ತುಂಡು. ಕುಡಿ ಕದಲಬಾರದು, ಬ್ಯಾಂಡು ತೊಗಲನ್ನು ಕೊಯ್ಯಲೂಬಾರದು. ನಾಲ್ಕೂ ಕಡೆ ಎಳೆತ ಒಂದೇ ಸಮನಾಗಿರದಿದ್ದರೆ ಕುಡಿ ಒಂದು ಬದಿ ಬಾಯಿಬಿಡುತ್ತದೆ.

ಗಾಳಿಯಾಡುವ ನೆರಳಿನಲ್ಲಿ 7ರಿಂದ 10 ದಿನ ಇಡಿ. ಮಣ್ಣಿಗೆ ನೀರು ಕೊಡಬಹುದು, ಸೇರಿದ ಜಾಗಕ್ಕೆ ಹನಿಯೂ ಬೇಡ. ಬ್ಯಾಂಡು ತೆಗೆದ ದಿನವೇ ಗೆದ್ದೆವೆಂದುಕೊಳ್ಳಬೇಡಿ. ತೇವಕ್ಕೆ ಅಂಟಿಕೊಂಡ ಕುಡಿ ತನ್ನೊಳಗಿನ ನೀರಿನ ಮೇಲೆಯೇ ವಾರಗಟ್ಟಲೆ ಹಸನಾಗಿ ಕಾಣುತ್ತದೆ. ಮೈ ಬಿಗಿದು ತುದಿಯಲ್ಲಿ ಹೊಸ ಮುಳ್ಳು ಬಂದರೆ ಕೂಡಿದೆ. ಸುಕ್ಕುಗಟ್ಟಿ ಬಿದ್ದುಹೋದರೆ ಎರಡೂ ಮುಖಗಳನ್ನು ಹಸಿ ಮೈ ಕಾಣುವವರೆಗೆ ಕೊಯ್ದು ಮತ್ತೆ ಕಟ್ಟಿ. ಉಂಗುರದಲ್ಲಿ ಕಂದು ಚುಕ್ಕೆ ಕಂಡರೆ ಅದು ಕೊಳೆ. ಚುಕ್ಕೆ ಪೂರ್ತಿ ಮಾಯವಾಗುವವರೆಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ, ಪ್ರತಿ ಸಲ ಬ್ಲೇಡ್ ಒರೆಸಿ.

ಬೇರುಸಸಿಯ ಪಕ್ಕದಲ್ಲಿ ಬರುವ ಚಿಗುರುಗಳನ್ನು ಎಳೆಯದರಲ್ಲೇ ಚಿವುಟಿ, ಇಲ್ಲದಿದ್ದರೆ ಬಲವೆಲ್ಲ ಅವುಗಳ ಪಾಲು. ಹಸಿರು ಕುಡಿಯಾದರೆ ಕಾಂಡವನ್ನು ಗಿಡ್ಡವಾಗಿಡಬಹುದು, ದೊಡ್ಡದಾದ ಮೇಲೆ ಕತ್ತರಿಸಿ ಸ್ವಂತ ಬೇರಿಗೂ ಬಿಡಬಹುದು. ಕೆಂಪು ಗುಂಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಊಟ ಹಾಕುವುದು ಕೆಳಗಿನ ಹಸಿರು ಕಾಂಡ ಒಂದೇ, ಆ ಕಾಂಡಕ್ಕೆ ಬೆಳಕು ಬೇಕು. ಮಧ್ಯಾಹ್ನದ ಬಿಸಿಲು ಕೊಟ್ಟರೆ ಗುಂಡು ಸುಡುತ್ತದೆ, ಹಾಗಾಗಿ ಬೆಳಗಿನ ಬಿಸಿಲೇ ರಾಜಿ. ಡ್ರ್ಯಾಗನ್ ಫ್ರೂಟ್ ಕಾಂಡ ಬುಡದಲ್ಲಿ ಸೊರಗತೊಡಗಿದಾಗ ಗುಂಡಿನ ಪಕ್ಕದ ಒಂದು ಸೆಂ.ಮೀ. ಮರಿಯನ್ನು ಕಿತ್ತು, ತಳ ಕೊಯ್ದು ಹೊಸ ಬೇರುಸಸಿಗೆ ಕಟ್ಟಿ.