ಚರ್ಚ್‌ನಲ್ಲಿ ಇಂಟರ್ನ್‌ಶಿಪ್ ಶುರು ಮಾಡುವುದು ಹೇಗೆ?

ನಮ್ಮ ಮಂಗಳೂರು, ಉಡುಪಿಯ ಚರ್ಚ್ ಸಭೆಗಳಲ್ಲಿ ಚುರುಕಾದ ಯುವಜನರಿಗೆ ಕೊರತೆ ಇಲ್ಲ. ಅವರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರ ಕೊಟ್ಟರೆ ನಾಯಕರು ಎಲ್ಲಿಂದ ಬರಬೇಕು?

ಅದಕ್ಕೇ ಇಂಟರ್ನ್‌ಶಿಪ್, ಅಂದರೆ ಒಂದಷ್ಟು ಕಾಲ ಸಭೆಯ ಕೆಲಸ ಮಾಡುತ್ತಲೇ ಕಲಿಯುವುದು. ಮೊದಲ ಸಲ ಇಬ್ಬರು ಇಂಟರ್ನ್‌ಗಳು ಸಾಕು, ಜಾಸ್ತಿ ಬೇಡ. ಅವಧಿ, ವಾರದ ಗಂಟೆ, ಬಸ್ ಖರ್ಚು, ಸ್ಟೈಪೆಂಡ್ ಎಲ್ಲವನ್ನೂ ಮೊದಲೇ ಬರೆದು ಕೊಡಿ. ಕಾಲೇಜು ಪರೀಕ್ಷೆಯ ದಿನಗಳನ್ನು ಬಿಟ್ಟುಬಿಡಿ.

ಮುಖ್ಯವಾದದ್ದು ಮಾರ್ಗದರ್ಶಕರು. ಸಭಾಪಾಲಕರು (ಪಾದ್ರಿ) ರೋಗಿಗಳನ್ನು ನೋಡಲು ಆಸ್ಪತ್ರೆಗೆ ಹೋಗುವಾಗ, ಸಾವಿನ ಮನೆಗೆ ಹೋಗುವಾಗ, ಕಮಿಟಿಯಲ್ಲಿ ಮಾತು ಬಿಸಿಯಾದಾಗ ಆ ಹುಡುಗ ಅಥವಾ ಹುಡುಗಿ ಪಕ್ಕದಲ್ಲೇ ಇರಲಿ, ಆಮೇಲೆ ಸಭಾಪಾಲಕರು ಜೊತೆಗೆ ಕೂತು 'ನಿನಗೆ ಏನನ್ನಿಸಿತು?' ಎಂದು ಕೇಳಲಿ, ಏಕೆಂದರೆ ಕಲಿಕೆ ನಡೆಯುವುದು ಆ ಮಾತುಕತೆಯಲ್ಲೇ. ಇದು ವಾರಕ್ಕೊಮ್ಮೆ ನಡೆಯಲೇಬೇಕು, ತಪ್ಪಿಸಬೇಡಿ.

ನಂತರ ನಿಜವಾದ ಜವಾಬ್ದಾರಿ ಕೊಡಿ: ಸಂಡೇ ಸ್ಕೂಲಿನ ಒಂದು ತರಗತಿ, ಆರಾಧನೆಯಲ್ಲಿ ಒಂದು ಸಣ್ಣ ಪ್ರಸಂಗ (ಬೋಧನೆ), ತುಳು ಹಾಡುಗಳ ಒಂದು ಸಂಜೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಲೇಬೇಕು.

ಓದೂ ಬೇಕು. ಬೈಬಲ್ ಜೊತೆಗೆ ಊರಿನ ಚರಿತ್ರೆಯನ್ನೂ ಓದಿಸಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು, 1843ರಲ್ಲಿ ಅದರ ಮಿಷನರಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದರು. ಇಷ್ಟಾದರೂ ಗೊತ್ತಿರಬೇಕು, ಅಲ್ವಾ? ಆಸಕ್ತಿ ಇದ್ದವರನ್ನು ಪಾದ್ರಿಗಳಿಗೆ ತರಬೇತಿ ಕೊಡುವ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಒಮ್ಮೆ ಕರೆದುಕೊಂಡು ಹೋಗಿ. ಪಾದ್ರಿಯಾಗಲೇಬೇಕು ಎಂದು ಒತ್ತಾಯ ಮಾತ್ರ ಬೇಡ, ಒಳ್ಳೆಯ ನರ್ಸ್, ಟೀಚರ್ ಕೂಡ ಸಭೆಗೆ ನಾಯಕರೇ.