ಫ್ರಿಜ್ಜಿಲ್ಲದ ಹಾಯಿದೋಣಿ: ಉಪ್ಪುಸೊಳೆಯನ್ನು ನಂಬಿ ನಾಲ್ಕು ವರ್ಷ

ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ಅದರಲ್ಲಿ ಬಹುಪಾಲು ಶೀತಲೀಕರಣದ ಯಂತ್ರಗಳನ್ನೇ ನೋಡಿಕೊಂಡಿದ್ದ ನಾನು, ನನ್ನದೇ ಇಪ್ಪತ್ತೆಂಟು ಅಡಿಯ ಹಾಯಿದೋಣಿಯಿಂದ ಫ್ರಿಜ್ಜನ್ನು ಕಿತ್ತು ಮಾರಿದೆನೆಂದು ತಿಳಿದಾಗ ಹಳೆಯ ಸಹೋದ್ಯೋಗಿಗಳು ನಕ್ಕರು. ಅದರ ಜಾಗದಲ್ಲಿ ಉಪ್ಪುಸೊಳೆಯ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ, ಡಬ್ಬಗಳನ್ನು ಇಡುತ್ತೇನೆಂದಾಗ ಕಾಸರಗೋಡಿನ ಪೆರ್ಲದ ನೆಂಟರಿಷ್ಟರೂ ಅವರೊಡನೆ ಸೇರಿಕೊಂಡರು. 2015ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟ ನಾನೂ ಹೆಂಡತಿಯೂ ಭೂಮಿಗೊಂದು ಸುತ್ತು ಹಾಕಿ 2019ರ ಫೆಬ್ರವರಿಯಲ್ಲಿ ಅಲ್ಲಿಗೇ ಮರಳಿದೆವು. ನಡುವಿನ ನಾಲ್ಕು ವರ್ಷ ಅಡುಗೆ ಹೇಗೆ ನಡೆಯಿತೆಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಲಂಗರಿಗೆ ಎಷ್ಟು ಸರಪಳಿ ಬಿಡಬೇಕು, ಹಾಯಿಯನ್ನು ಯಾವಾಗ ಕುಗ್ಗಿಸಬೇಕು ಎಂಬುದೆಲ್ಲ ಓದುವವರಿಗೆ ಗೊತ್ತಿರುವ ಸಂಗತಿ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ದೋಣಿಯನ್ನು 2013ರ ಕೊನೆಗೆ ಮಲೇಷ್ಯಾದ ಲಂಕಾವಿಯಲ್ಲಿ ಕೊಂಡೆವು. ಹಳೆಯ ಫೈಬರ್ ದೋಣಿ, ನಮ್ಮ ರೂಪಾಯಿಯಲ್ಲಿ ಒಂಬತ್ತು ಲಕ್ಷದ ಆಸುಪಾಸು. ಕೈಯಲ್ಲಿ ವಿದ್ಯೆಯಿದೆಯೆಂಬ ಜಂಬದಿಂದ ನಾನೇ ನಿಂತು ಅದಕ್ಕೆ ಹನ್ನೆರಡು ವೋಲ್ಟಿನ ಕಂಪ್ರೆಸರ್ ಜೋಡಿಸಿದೆ. ಕಂಪ್ರೆಸರಿಗೂ ಪೆಟ್ಟಿಗೆಗೂ ಒಂದು ಲಕ್ಷ, ಬ್ಯಾಟರಿಗಳಿಗೆ ಅರವತ್ತು ಸಾವಿರ, ಎರಡು ಸೌರಫಲಕಗಳಿಗೆ ನಲವತ್ತೈದು, ಒಟ್ಟು ಎರಡು ಲಕ್ಷ ಮೀರಿತು. ಸರಕು ಹಡಗಿನಲ್ಲಿ ವಿದ್ಯುತ್ತಿಗೆ ಬರವಿಲ್ಲ. ಇಲ್ಲಿ ಇನ್ನೂರು ಆಂಪಿಯರ್ ಅವರ್‌ನ ಸೀಸದ ಬ್ಯಾಟರಿಯಿದ್ದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬಹುದು. ಉಷ್ಣವಲಯದ ಸೆಖೆಯಲ್ಲಿ ಆ ಪೆಟ್ಟಿಗೆಯೊಂದೇ ದಿನಕ್ಕೆ ಅರುವತ್ತು ಆಂಪಿಯರ್ ಅವರ್ ನುಂಗುತ್ತಿತ್ತು, ಫಲಕಗಳು ಕೊಡುತ್ತಿದ್ದುದು ಸರಿಸುಮಾರು ಅಷ್ಟೇ. ಹಾಗಾದರೆ ದೀಪಕ್ಕೆ, ರೇಡಿಯೊಗೆ, ಚುಕ್ಕಾಣಿ ಹಿಡಿಯುವ ಆಟೊಪೈಲಟ್‌ಗೆ ಏನು ಉಳಿಯಿತು? ಶ್ರೀಲಂಕಾದ ಗಾಲ್ ಬಂದರಿಗೆ ಹೋಗುವ ಹನ್ನೆರಡು ದಿನಗಳ ದಾರಿಯಲ್ಲಿ ಐದನೆಯ ದಿನ ಮೋಡ ಕವಿಯಿತು. ಏಳನೆಯ ದಿನ ಬೆಳಗ್ಗೆ ಪೆಟ್ಟಿಗೆ ತೆರೆದಾಗ ಬಂದ ವಾಸನೆಯನ್ನು ನನ್ನ ಹೆಂಡತಿ ಇಂದಿಗೂ ನೆನಪಿಸಿ ಹಂಗಿಸುವುದುಂಟು. ಆ ಸರಂಜಾಮನ್ನೆಲ್ಲ ಕೊಚ್ಚಿಯಲ್ಲಿ ನಲವತ್ತು ಸಾವಿರಕ್ಕೆ ಮಾರಿದೆ. ಫಲಕಗಳನ್ನು ಮಾತ್ರ ಉಳಿಸಿಕೊಂಡೆ.

ಉಪಾಯ ಹೊಳೆದದ್ದು ಅತ್ತೆಯ ಮನೆಯ ಅಟ್ಟದಲ್ಲಿ. ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಿದ ಸಾಂಬಾರಿನ ಸೌತೆಕಾಯಿಗಳು, ಕೆಳಗೆ ಸಾಲಾಗಿ ಬೂದುಗುಂಬಳ, ಮೂಲೆಯಲ್ಲಿ ಉಪ್ಪಿನಲ್ಲಿ ಹಾಕಿದ ಸೊಳೆಯ ಭರಣಿ, ಪಕ್ಕದಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಕಾಡುಮಾವಿನಕಾಯಿ. ಆಟಿ ತಿಂಗಳ ಮಳೆಗೆ ಪೇಟೆಯ ದಾರಿ ಮುಚ್ಚಿದರೂ ಉಣ್ಣಲು ಬೇಕಾಗುವ ಸಿದ್ಧತೆಯದು. ನಾಲ್ಕು ತಿಂಗಳು ಪೇಟೆ ಕಾಣದ ಮನೆಗೂ ನಲವತ್ತು ದಿನ ನೆಲ ಕಾಣದ ದೋಣಿಗೂ ಬೇಕಾದದ್ದು ಒಂದೇ ಅಲ್ಲವೆ ಎಂದು ಹೆಂಡತಿಯೇ ಕೇಳಿದಳು. 2014ರ ಮೇ ತಿಂಗಳಲ್ಲಿ, ಬಲಿತ ಆದರೆ ಹಣ್ಣಾಗದ ಒಂಬತ್ತು ಹಲಸಿನಕಾಯಿಗಳನ್ನು ಕೊಯ್ಯಿಸಿ, ಅತ್ತೆಯ ಎದುರು ಕುಳಿತು ಸೊಳೆ ಬಿಡಿಸಿದೆ. ಅಳತೆ ಕೇಳಿದಾಗ ಅವರು ಕೊಟ್ಟ ಸೂಚನೆ ಒಂದೇ: “ಉಪ್ಪು ಕಮ್ಮಿ ಮಾಡೆಡಿ,” ಅಂದರೆ ಕಡಿಮೆ ಮಾಡಬೇಡಿ. ನಾನು ಕಡಿಮೆಯೇ ಮಾಡಿದೆ. ರಕ್ತದೊತ್ತಡದ ಯೋಚನೆಯಿಂದ ಉಪ್ಪನ್ನು ಮುಕ್ಕಾಲಿಗಿಳಿಸಿದ ಎರಡು ಡಬ್ಬಗಳು ಆಗಸ್ಟಿನೊಳಗೆ ಬೂಷ್ಟು ಹಿಡಿದು ತೆಂಗಿನ ಬುಡಕ್ಕೆ ಹೋದವು. ಅವರ ಕೈಯಳತೆಯಲ್ಲಿ ತುಂಬಿದ ಡಬ್ಬಗಳು ಜನವರಿಯಲ್ಲಿಯೂ ಹಾಗೆಯೇ ಇದ್ದವು.

ದೋಣಿಗೆ ಹತ್ತಿಸಿದ ಮೇಲೆ ಬೇರೆಯದೇ ತೊಂದರೆಗಳು ಕಾಣಿಸಿಕೊಂಡವು. ಅಟ್ಟ ಅಲುಗುವುದಿಲ್ಲ, ದೋಣಿ ಒಂದು ನಿಮಿಷವೂ ಸುಮ್ಮನಿರುವುದಿಲ್ಲ. ಕ್ಯಾಬಿನ್ನಿನ ಮಾಡಿಗೆ ತೂಗಹಾಕಿದ ನಲವತ್ತು ಸೌತೆಕಾಯಿಗಳು ಗಡಿಯಾರದ ಲೋಲಕದಂತೆ ಆಡಿ ಒಂದಕ್ಕೊಂದು ಬಡಿದುಕೊಂಡವು. ಮಾಲ್ಡೀವ್ಸಿನ ಉತ್ತರ ತುದಿಯ ಉಲಿಗನ್ನಿನಿಂದ ದಕ್ಷಿಣದ ಅಡ್ಡು ದ್ವೀಪಸಮೂಹಕ್ಕೆ ತಲುಪುವಷ್ಟರಲ್ಲಿ ಹದಿನೇಳು ಕೊಳೆತಿದ್ದವು. ಪೆಟ್ಟು ಬಿದ್ದ ಕಾಯಿ ನಾಲ್ಕು ದಿನ ಬಾಳುವುದಿಲ್ಲ. ಹೊರಡುವ ಮೊದಲೇ ಕಾಸರಗೋಡಿನ ಕಸಬಾ ಕಡಪ್ಪುರದ ಮೀನುಗಾರ ಗೆಳೆಯರೊಬ್ಬರು ಹಳೆಯ ಬಲೆಯ ತುಂಡೊಂದನ್ನು ಕೊಟ್ಟು, ತೂಗಹಾಕಬೇಡಿ, ಮಲಗಿಸಿ ಎಂದಿದ್ದರು, ಆಗ ಕೇಳಿರಲಿಲ್ಲ. ಅಡ್ಡುವಿನಲ್ಲಿ ಆ ಬಲೆಯನ್ನು ದೋಣಿಯ ಉದ್ದಕ್ಕೆ ಎರಡೂ ತುದಿ ಬಿಗಿದು, ಆದಷ್ಟು ತಗ್ಗಿನಲ್ಲಿ, ನಡುಭಾಗಕ್ಕೆ ಹತ್ತಿರವಾಗಿ ಕಟ್ಟಿದೆ. ಕಾಯಿಗಳ ನಡುವೆ ಒಣ ಬಾಳೆಲೆ ತುರುಕಿದೆ. ಮುಂದೆ ಎರಡೂವರೆ ತಿಂಗಳಲ್ಲಿ ಹಾಳಾದದ್ದು ಮೂರೋ ನಾಲ್ಕೋ. ಬೂದುಗುಂಬಳಕ್ಕೆ ಇಷ್ಟು ಉಪಚಾರ ಬೇಡ. ಮೈಮೇಲಿನ ಬೂದಿ ಒರೆಸದೆ, ನೀರು ತಾಗದಂತೆ ಇಟ್ಟರೆ ಸಾಕು.

ಭರಣಿಯ ಕಥೆ ಇನ್ನೂ ದುಬಾರಿಯಾಯಿತು. ಪಿಂಗಾಣಿಯ ಭರಣಿಯಲ್ಲಿ ಮಾತ್ರ ರುಚಿ ಸರಿಯಾಗಿ ಬರುವುದೆಂಬ ಹಟದಿಂದ ಎರಡನ್ನು ಜೊತೆಗೊಯ್ದಿದ್ದೆ. ಮಡಗಾಸ್ಕರಿನ ಉತ್ತರ ತುದಿಯಲ್ಲಿ ಗಾಳಿ ಕೆರಳುವುದು ಈ ದಾರಿಯಲ್ಲಿ ಹೋದವರೆಲ್ಲರಿಗೂ ತಿಳಿದ ವಿಷಯ. ಅಲ್ಲಿ ರಾತ್ರಿ ಒಂದು ಭರಣಿ ಕಟ್ಟು ಕಳಚಿ ಒಡೆಯಿತು. ಎಂಟು ಲೀಟರ್ ಗಟ್ಟಿ ಉಪ್ಪುನೀರು ದೋಣಿಯ ತಳದ ಬಿಲ್ಜಿಗೆ ಇಳಿದು, ಪಂಪಿನ ವಯರುಗಳ ಜೋಡಣೆಯನ್ನೆಲ್ಲ ವಾರದೊಳಗೆ ತಿಂದುಹಾಕಿತು. ಪಂಪಿಗೂ ವಯರಿಗೂ ಹದಿನೆಂಟು ಸಾವಿರ ಹೋಯಿತು. ಹೋದ ಸೊಳೆಗೆ ಬೆಲೆ ಕಟ್ಟುವವರಾರು! ಅಂದಿನಿಂದ ಆಹಾರಕ್ಕೆಂದೇ ಮಾಡಿದ, ತಿರುಪಿನ ಮುಚ್ಚಳದ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಗಳನ್ನೇ ಬಳಸಿದೆ. ರುಚಿಯಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ. ದೊಡ್ಡ ಡಬ್ಬ ಬೇಡ, ಏಕೆಂದರೆ ಒಮ್ಮೆ ತೆರೆದದ್ದನ್ನು ಹದಿನೈದು ದಿನಗಳಲ್ಲಿ ಮುಗಿಸಬೇಕು. ದೋಣಿ ಹೊಯ್ದಾಡುವಾಗ ಉಪ್ಪುನೀರು ಸರಿದು ಮೇಲಿನ ಸೊಳೆ ಬರಿಗಾಳಿಗೆ ಒಡ್ಡಿಕೊಳ್ಳುವುದು ಮತ್ತೊಂದು ಉಪದ್ರ. ಊರಲ್ಲಿ ಅದರ ಮೇಲೆ ಕಲ್ಲು ಹೇರುತ್ತಾರೆ. ದೋಣಿಯಲ್ಲಿ ಕಲ್ಲು ಡಬ್ಬವನ್ನೇ ಒಡೆಯುತ್ತದೆ. ಗಟ್ಟಿ ಚೀಲದಲ್ಲಿ ಉಪ್ಪುನೀರನ್ನೇ ತುಂಬಿ ಬಾಯಿ ಕಟ್ಟಿ ಮೇಲಿಟ್ಟರೆ, ಅದು ಡಬ್ಬದ ಆಕಾರಕ್ಕೆ ಹೊಂದಿಕೊಂಡು ಸೊಳೆಯನ್ನು ಕೆಳಗೊತ್ತಿ ಹಿಡಿಯುತ್ತದೆ. ಸೋರಿದರೂ ಉಪ್ಪಿನ ಹದ ಕೆಡುವುದಿಲ್ಲ. ಅದರ ಕೆಳಗೆ ಹಾಸುವ ಎಲೆ ಯಾವುದೆಂಬುದನ್ನು ಮಾತ್ರ ಬರೆಯಲಾರೆ. ಅದಕ್ಕೆ ಅತ್ತೆಯ ಅಪ್ಪಣೆ ಆಗಿಲ್ಲ.

ಈಗ ನಾನು ನಿಜವಾಗಿ ಹೆಮ್ಮೆಪಡುವ ಭಾಗಕ್ಕೆ ಬರುತ್ತೇನೆ. ಉಪ್ಪುಸೊಳೆಯ ಮಾತೆತ್ತಿದೊಡನೆ ದೋಣಿಯವರೆಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಅದರ ಉಪ್ಪು ತೆಗೆಯಲು ಸಿಹಿನೀರು ಎಲ್ಲಿಂದ ತರುತ್ತೀರಿ? ಊರಿನಲ್ಲಿ ಬಾವಿಯ ನೀರು ಬದಲಿಸಿ ಬದಲಿಸಿ ನೆನೆಸುತ್ತೇವೆ. ನಮ್ಮ ದೋಣಿಯಲ್ಲಿ ಟ್ಯಾಂಕಿಯ ನೂರೈವತ್ತು ಲೀಟರೂ ಕ್ಯಾನುಗಳ ನೂರೈವತ್ತೂ ಸೇರಿ ಮುನ್ನೂರು ಲೀಟರ್ ನೀರು. ಅಡುಗೆಗೂ ಕುಡಿಯಲಿಕ್ಕೂ ಇಬ್ಬರಿಗೆ ದಿನಕ್ಕೆ ಆರು ಲೀಟರ್. ಉತ್ತರ ಸಮುದ್ರದಲ್ಲಿಯೇ ಇದೆ. ಕಡಲ ನೀರಿನಲ್ಲಿ ಲೀಟರಿಗೆ ಮೂವತ್ತೈದು ಗ್ರಾಮಿನಷ್ಟು ಉಪ್ಪು. ಸೊಳೆಯಲ್ಲಿರುವುದು ಅದರ ಎಷ್ಟೋ ಪಟ್ಟು. ಆದ್ದರಿಂದ ಕಡಲ ನೀರೂ ಸೊಳೆಯಿಂದ ಉಪ್ಪನ್ನು ಎಳೆಯುತ್ತದೆ. ನೀರು ಬದಲಿಸಿ ಎರಡು ಸಲ, ಗಂಟೆಗೊಂದರಂತೆ, ಕಡಲ ನೀರಿನಲ್ಲಿ ನೆನೆಸಿ ಹಿಂಡಿ, ಕೊನೆಗೆ ಅರ್ಧ ಲೀಟರ್ ಸಿಹಿನೀರಿನಲ್ಲಿ ಇನ್ನೊಂದು ಗಂಟೆ ಬಿಟ್ಟರೆ ಪಲ್ಯಕ್ಕೆ ತಕ್ಕ ಹದಕ್ಕೆ ಬರುತ್ತದೆ. ಆ ಅರ್ಧ ಲೀಟರನ್ನೂ ಚೆಲ್ಲದೆ, ಉಪ್ಪು ಹಾಕದೆ ಸಾಂಬಾರಿಗೆ ಸುರಿಯುತ್ತೇವೆ. ದಡದಿಂದ ದೂರದ ನೀರಿನಲ್ಲಿ ಮಾತ್ರ ಈ ಕೆಲಸ. ಬಂದರಿನೊಳಗಿನ ನೀರನ್ನು ಬಾಯಿಗೆ ಹಾಕುವಂತಿಲ್ಲ. ಕುಚ್ಚಿಲಕ್ಕಿ ಗಂಜಿಗೂ ಐದರಲ್ಲಿ ಒಂದು ಪಾಲು ಕಡಲ ನೀರನ್ನೇ ಬಳಸಿದೆವು.

ಕುಚ್ಚಿಲಕ್ಕಿಗೆ ಗ್ಯಾಸ್ ಹೆಚ್ಚು ಬೇಕೆಂಬ ಆಕ್ಷೇಪ ಸರಿಯಾದದ್ದು. ಕುಕ್ಕರಿನಲ್ಲಿ ಎರಡು ಸೀಟಿ ಬರಿಸಿ, ಒಲೆಯಿಂದಿಳಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಒಂದೂವರೆ ಗಂಟೆ ಇಟ್ಟರೆ ಅಕ್ಕಿ ತಾನಾಗಿ ಬೇಯುತ್ತದೆ. ಐದು ಕಿಲೋದ ಸಿಲಿಂಡರು ಮೊದಲು ಮೂರೂವರೆ ವಾರ ಬರುತ್ತಿತ್ತು, ಆಮೇಲೆ ಆರೇಳು ವಾರ. ದೇಶದಿಂದ ದೇಶಕ್ಕೆ ಸಿಲಿಂಡರಿನ ಬಾಯಿಯ ಅಳತೆ ಬೇರೆಯಾಗಿ, ತುಂಬಿಸಲು ಅರ್ಧ ದಿನ ಅಲೆಯಬೇಕಾಗುವ ಕಷ್ಟ ಕಂಡವರಿಗೆ ಈ ಉಳಿತಾಯದ ಬೆಲೆ ತಿಳಿದೀತು.

ಮೊಸರಿನ ಪ್ರಯೋಗ ಇದರ ನಡುವೆ ಹುಟ್ಟಿಕೊಂಡಿತು. ಹಾಲಿನ ಪುಡಿಯಿಂದ ಮೊಸರಾಗುತ್ತದೆ, ಆದರೆ ಚಳಿಯ ಕೇಪ್ ಟೌನಿನ ದಾರಿಯಲ್ಲಿ ಹೆಪ್ಪು ಸತ್ತಿತು. ಹಸಿಮೆಣಸಿನ ತೊಟ್ಟು ಹಾಕಿ ಹೊಸದಾಗಿ ಹುಟ್ಟಿಸಿದೆ. ಮೊದಲ ಪಾತ್ರೆ ಲೋಳೆ, ಮೂರನೆಯದು ತಿನ್ನುವಂತಾಯಿತು. ಬಳಿಕ ಬಟ್ಟೆಯ ತುಂಡನ್ನು ಮೊಸರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಎತ್ತಿಡುವ ಅಭ್ಯಾಸ ಮಾಡಿಕೊಂಡೆ. ಹೆಸರುಕಾಳಿನ ಮೊಳಕೆ ಎಲ್ಲರೂ ಮಾಡುವಂಥದ್ದು, ಹೇಳಬೇಕಾದ್ದಿಲ್ಲ. ತಂಬುಳಿಗೆಂದು ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪನ್ನು ತೆಂಗಿನ ಕರಟದಲ್ಲಿ ಬೆಳೆಸಿದ್ದು ಉಪ್ಪುಗಾಳಿಗೆ ಎರಡು ಸಲ ಸುಟ್ಟುಹೋಯಿತು.

ಎರಡನೆಯ ವರ್ಷದ ಸೊಳೆ ಬ್ರೆಜಿಲಿನದು. ಸಾಲ್ವಡಾರ್ ಪಟ್ಟಣದ ಸಾವೊ ಜೊವಾಕಿಂ ಸಂತೆಯಲ್ಲಿ ಹಲಸನ್ನು ‘ಜಾಕ’ ಎನ್ನುತ್ತಾರೆ. ನಮ್ಮ ನೆರೆಯ ಮಲಯಾಳದ ‘ಚಕ್ಕ’ವೇ ಪೋರ್ಚುಗೀಸರ ನಾಲಗೆಯ ಮೇಲೆ ಹಾಗಾದದ್ದು. ಕಾಸರಗೋಡಿನಲ್ಲಿ ಹುಟ್ಟಿದ ನನಗೆ ಮಾತು ಬಾರದ ಊರಿನಲ್ಲಿ ಅರ್ಥವಾದ ಮೊದಲ ಪದ ಅದು. ಮಾರುವವಳಿಗೆ ಕಾಯಿ ಕೊಳ್ಳುವವನೇ ವಿಚಿತ್ರ. ಅವಳು ಹಣ್ಣನ್ನೇ ಮುಂದೆ ಮಾಡುತ್ತಿದ್ದಳು. ಆರು ಕಾಯಿಗಳಿಗೆ ನಮ್ಮ ಐನೂರು ರೂಪಾಯಿಗಿಂತ ಕಡಿಮೆ ಕೊಟ್ಟ ನೆನಪು. ದೋಣಿಯ ಮೇಲೆ ಮೇಣ ಅಂಟಿಕೊಂಡು ಮೂರು ದಿನ ಒದ್ದಾಡಿದೆವು. ಕೊಬ್ಬರಿ ಎಣ್ಣೆ ಕೈಗೆ ಆಗುತ್ತದೆ, ಹಾಯಿಬಟ್ಟೆಗೆ ಆಗುವುದಿಲ್ಲ.

ಆ ಡಬ್ಬಗಳ ಪರೀಕ್ಷೆ 2017ರ ಫೆಬ್ರವರಿ ಕೊನೆಗೆ ಪನಾಮಾದಿಂದ ಹೊರಟಾಗ ನಡೆಯಿತು. ಪೆಸಿಫಿಕ್ ಸಾಗರದ ಮಾರ್ಕೆಸಾಸ್ ದ್ವೀಪಗಳಿಗೆ ಅಲ್ಲಿಂದ 3,900 ನಾಟಿಕಲ್ ಮೈಲಿನ ಹತ್ತಿರ. ದಿನಕ್ಕೆ ನೂರು ಮೈಲು ಓಡುವ ನಮ್ಮ ದೋಣಿಗೆ ನಡುವೆ ಗಾಳಿ ಬಿದ್ದ ದಿನಗಳೂ ಸೇರಿ ನಲವತ್ತೊಂದು ದಿನ ಹಿಡಿಯಿತು. ಹೊರಡುವ ಮುನ್ನ ಪಕ್ಕದಲ್ಲಿ ಲಂಗರು ಹಾಕಿದ್ದ ನಲವತ್ತೆರಡು ಅಡಿಯ ದೋಣಿಯ ದಂಪತಿ, ಹತ್ತನೆಯ ದಿನದಿಂದ ನೀವು ತಗಡಿನ ಡಬ್ಬಿಯೂಟವನ್ನೇ ಉಣ್ಣುತ್ತೀರಿ ಎಂದು ಕರುಣೆಯಿಂದ ನೋಡಿದ್ದರು. ಅವರಲ್ಲಿ ಫ್ರೀಜರೂ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವೂ ಇದ್ದವು. ನಾವು ಸೌತೆಕಾಯಿ ಹುಳಿ ಮಾಡಿದ ಕೊನೆಯ ದಿನ ಮೂವತ್ತಾರನೆಯದು. ಕಾಯಿ ಸಾಂಬಾರಿನ ಸೌತೆಯಲ್ಲ, ಅಲ್ಲಿ ಸಿಕ್ಕಿದ ಅದರ ದೂರದ ನೆಂಟ, ಇರಲಿ. ನೀರು ಅರ್ಧಕ್ಕಿಳಿದಾಗ ಎರಡು ದಿನ ಸುರಿದ ಮಳೆಯಲ್ಲಿ ಬಿಸಿಲಿಗೆ ಕಟ್ಟಿದ ಬಟ್ಟೆಯಿಂದ ನೂರಿಪ್ಪತ್ತು ಲೀಟರ್ ಹಿಡಿದೆವು. ಹಿವಾ ಓವಾ ದ್ವೀಪದ ಅಟುವೊನಾ ಊರಿನ ಕೊಲ್ಲಿಗೆ ನಾವು ತಲುಪುವಾಗ ಆ ದಂಪತಿ ಮೊದಲೇ ಬಂದಿದ್ದರು. ಹನ್ನೆರಡನೆಯ ದಿನ ಜನರೇಟರು ಕೈಕೊಟ್ಟು ಫ್ರೀಜರಿನ ಮಾಂಸವನ್ನೆಲ್ಲ ಸಮುದ್ರಕ್ಕೆ ಚೆಲ್ಲಿದ್ದರಂತೆ. ಸಂಜೆ ಅವರನ್ನು ಕರೆದು ಉಪ್ಪುಸೊಳೆಯನ್ನು ರುಬ್ಬಿ ಉಂಡೆ ಕಟ್ಟಿ ಕರಿಯುವ ಉಂಡಲಕಾಳು ಮಾಡಿ ಬಡಿಸಿದೆ. ಮೂರನೆಯ ತಟ್ಟೆಯ ಹೊತ್ತಿಗೆ ಆ ಮನುಷ್ಯ ಡಬ್ಬದ ಅಳತೆ ಬರೆದುಕೊಳ್ಳತೊಡಗಿದ. ಎಲೆಯ ವಿಷಯ ಅವನಿಗೂ ಹೇಳಲಿಲ್ಲ.

ಅದೇ ದ್ವೀಪದಲ್ಲಿ ಜೀಗುಜ್ಜೆ (ಬ್ರೆಡ್‌ಫ್ರೂಟ್) ಹೇರಳ. ಅಲ್ಲಿನವರು ಅದನ್ನು ಎಲೆ ಹಾಸಿದ ಗುಂಡಿಯಲ್ಲಿ ಹೂತು ಹುಳಿ ಬರಿಸಿ ವರ್ಷಗಟ್ಟಲೆ ಇಡುತ್ತಿದ್ದರು. ‘ಮಾ’ ಎಂದು ಅದರ ಹೆಸರು. ನಾನು ಸೊಳೆಯಂತೆ ಉಪ್ಪು ಹಾಕಿ ಒಂದು ಡಬ್ಬ ಮಾಡಿ ನೋಡಿದೆ. ಮೂರನೆಯ ವಾರಕ್ಕೆ ಮೆತ್ತಗಾಗಿ ಗೋಂದಿನಂತಾಯಿತು. ಹೋಳಿನ ದಪ್ಪ ತಪ್ಪಿತೋ ಕಾಯಿ ಬಲಿತಿರಲಿಲ್ಲವೋ, ಇನ್ನೊಮ್ಮೆ ಮಾಡಬೇಕು.

ಈ ಪದ್ಧತಿ ಸೋಲುವುದು ನ್ಯೂಝಿಲೆಂಡಿನಂಥ ಕಡೆ. ತಾಜಾ ತರಕಾರಿ, ಜೇನು, ಮೊಳೆಯುವ ಕಾಳು ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲವೆಂದು ತಿಳಿದೂ ಎರಡು ಕಿಲೋ ಹೆಸರುಕಾಳನ್ನೂ ಮೂರನೆಯ ಸಾಂಬ್ರಾಣಿ ಗಿಡವನ್ನೂ ಇಟ್ಟುಕೊಂಡದ್ದು ನನ್ನ ಮೂರ್ಖತನ. ಅಧಿಕಾರಿ ನಯವಾಗಿಯೇ ಚೀಲಕ್ಕೆ ಹಾಕಿಕೊಂಡರು. ಅಂಥ ದೇಶ ಮುಂದಿದ್ದರೆ ಡಬ್ಬಗಳು ಹಿಂದಿನ ವಾರವೇ ಖಾಲಿಯಾಗುವಂತೆ ಲೆಕ್ಕ ಹಾಕಬೇಕು. ಆಸ್ಟ್ರೇಲಿಯಾದಲ್ಲಿಯೂ ಹಾಗೆಯೇ ಮಾಡಿ, ಇಂಡೋನೇಷಿಯದಲ್ಲಿ ‘ನಾಂಕ’ ಎಂಬ ಹೆಸರಿನಲ್ಲಿ ಸಿಗುವ ಹಲಸನ್ನು ಕೊಂಡು ಹೊಸದಾಗಿ ತುಂಬಿಸಿದೆ.

ಖರ್ಚಿನ ಮಾತು ಕೇಳುವವರಿಗೆ: ಊರಿಂದ ಜೀಪಿನಲ್ಲಿ ಕೊಚ್ಚಿಗೆ ಸಾಗಿಸಿದ ಮೊದಲ ಐದು ತಿಂಗಳ ದಾಸ್ತಾನು, ಅಕ್ಕಿ, ಬೇಳೆ, ಹಪ್ಪಳ, ಬಾಳಕದ ಮೆಣಸು, ಒಣ ಪುನರ್ಪುಳಿ ಸಹಿತ, ಹದಿನಾಲ್ಕು ಸಾವಿರದೊಳಗೆ ಮುಗಿದಿತ್ತು. ಕಡಲಿನಲ್ಲಿದ್ದ ತಿಂಗಳುಗಳಲ್ಲಿ ಊಟಕ್ಕೆ ಸರಾಸರಿ ಆರು ಸಾವಿರ ಮೀರಲಿಲ್ಲ. ಪನಾಮಾ ಕಾಲುವೆ ದಾಟಲು ಮಾತ್ರ ಸಾವಿರ ಡಾಲರಿನ ಆಸುಪಾಸು ಹೋಯಿತು, ಅದಕ್ಕೆ ಉಪ್ಪು ಹಾಕಿ ಮಾಡುವಂಥದ್ದೇನೂ ಇಲ್ಲ. ಕೊಚ್ಚಿಗೆ ಮರಳಿದಾಗ ನಾಂಕದ ಒಂದು ಡಬ್ಬ ಅರ್ಧ ಉಳಿದಿತ್ತು. ಕಸ್ಟಮ್ಸಿನ ಕಾಗದಪತ್ರಗಳಿಗೆ ಕಾಯುತ್ತ ಕುಳಿತ ನಾಲ್ಕು ದಿನಗಳಲ್ಲಿ ಅದನ್ನು ರೊಟ್ಟಿ ತಟ್ಟಿ ಮುಗಿಸಿದೆವು.